ಎರಡು ಮಾತ್ರೆ ಕಮ್ಮಿ

ಸಿಸ್ಟರ್ ಡಬ್ಬಿಯನ್ನು ಟ್ರೇ ಮೇಲೆ ಬೋರಲು ಹಾಕಿ ಎರಡನೇ ಸಲ ಎಣಿಸಿದರು.

"ಎರಡು ಕಮ್ಮಿ ಇದೆಯಲ್ಲಪ್ಪಾ. ಜಾಸ್ತಿ ನುಂಗಿದ್ಯಾ?"

"ಇಲ್ಲ ಸಿಸ್ಟರ್."

ನಾನು ಕಾಮಾಕ್ಷಿಪಾಳ್ಯದಲ್ಲಿ ಲೇತ್ ಓಡಿಸುತ್ತಿದ್ದೆ. ಕುಡಿತ ಇಲ್ಲ. ಆದರೂ ಲಿವರಿನಲ್ಲಿ ಕೊಬ್ಬು ಕೂತಿತ್ತು. ಬಿ.ಪಿ.ಗೆ ಕೊಡುವ ಮಾತ್ರೆ ಆ ಕಾಯಿಲೆ ಹೆಚ್ಚದಂತೆ ತಡೆಯುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುತ್ತಿದ್ದರು. ನಾನೇ ಕೇಳಿ ಸೇರಿಕೊಂಡಿದ್ದೆ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಔಷಧಿಯಿಲ್ಲದ ಡಮ್ಮಿ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿಲ್ಲ. ದಿನಕ್ಕೊಂದು ನುಂಗಬೇಕು, ಉಳಿದದ್ದನ್ನು ತಂದು ತೋರಿಸಬೇಕು. ಲೆಕ್ಕ ತಪ್ಪಿದರೆ ತೆಗೆದುಹಾಕಬಹುದು ಎಂದು ಮೊದಲೇ ಹೇಳಿದ್ದರು.

ಆ ಎರಡು ಎಲ್ಲಿ ಹೋದವೆಂದು ಬೆಳಿಗ್ಗೆ ಮನೆ ಬಿಡುವಾಗಲೇ ಗೊತ್ತಾಗಿತ್ತು. ಪಕ್ಕದ ಮನೆ ಆಂಟಿಗೆ ಬಿ.ಪಿ. ಅವರ ಮಾತ್ರೆ ಮುಗಿದಿತ್ತು. ಅಮ್ಮ ಕಾಫಿಪುಡಿ ಕೊಟ್ಟ ಹಾಗೆ ನನ್ನ ಡಬ್ಬಿಯಿಂದ ಕೊಟ್ಟಿದ್ದಳು.

"ಅದೂ ಬಿ.ಪಿ. ಮಾತ್ರೆನೇ ಅಲ್ವೇನೋ? ಪಾಪ, ತಲೆ ಸುತ್ತುತ್ತೆ ಅಂದ್ರು. ವಾಪಸ್ ಕೊಡ್ತಾರೆ ಬಿಡೋ" ಅಂದಳು.

ಆಸ್ಪತ್ರೆ ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದವನು ಬ್ಯಾಡರಹಳ್ಳಿಯ ಗಾರೆ ಮೇಸ್ತ್ರಿ. ಅವನೂ ಅದೇ ಪರೀಕ್ಷೆಯಲ್ಲಿದ್ದ. ಕಿವಿಯಲ್ಲಿ ಹೇಳಿದ: "ಮೋರಿಗೆ ಬಿತ್ತು ಅನ್ನು ಗುರು. ನಾನು ನುಂಗದೆ ಬಿಟ್ಟಿದ್ದನ್ನೆಲ್ಲ ಬಸ್‌ಸ್ಟಾಪಲ್ಲೇ ಎಸೆದು ಬರ್ತೀನಿ. ಲೆಕ್ಕ ಯಾವಾಗ್ಲೂ ಕರೆಕ್ಟು."

ತೆಗೆದುಹಾಕಿದರೆ ನನ್ನ ಲಿವರ್ ಬಗ್ಗೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಆದರೆ ಅಳತೆ ಸುಳ್ಳು ಬರೆದರೆ ಲೇತಿನಲ್ಲಿ ಮಾಡಿದ ಪೀಸು ಅದರ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಮಾತ್ರೆಗೂ ಅಷ್ಟೇ. ಇದ್ದದ್ದು ಇದ್ದ ಹಾಗೆ ಹೇಳಿದೆ. ಸಿಸ್ಟರ್ ಡಾಕ್ಟರನ್ನು ಕರೆದರು.

"ಆಂಟಿ ನುಂಗಿದ್ದು ಡಮ್ಮಿ ಆಗಿದ್ರೆ? ಬಿ.ಪಿ. ಏರಿ ಕೂತಿರುತ್ತೆ. ಮೊದ್ಲು ಫೋನ್ ಮಾಡು, ಇವತ್ತೇ ತೋರಿಸ್ಕೊಳ್ಳೋಕೆ ಹೇಳು" ಎಂದರು ಡಾಕ್ಟರ್.

ಅದು ನನಗೆ ಹೊಳೆದೇ ಇರಲಿಲ್ಲ. ಕಾಯಿನ್ ಬಾಕ್ಸಿಗೆ ಓಡಿ, ಮನೆ ಹತ್ತಿರದ ಅಂಗಡಿಗೆ ಫೋನ್ ಮಾಡಿ ಆಂಟಿಯನ್ನು ಕರೆಸಿದೆ.

"ನಿನ್ ಮಾತ್ರೆ ಚೆನ್ನಾಗಿತ್ತು ಕಣೋ, ಇನ್ನೆರಡು ಇದ್ಯಾ?" ಎಂದರು. ಜೋರು ಮಾಡಿ ಕ್ಲಿನಿಕ್ಕಿಗೆ ಹೊರಡಿಸಿದೆ.

ವಾಪಸ್ ಬಂದಾಗ ಡಾಕ್ಟರ್ ಎಲ್ಲವನ್ನೂ ಫೈಲಿನಲ್ಲಿ ಬರೆದಿದ್ದರು.

"ತೆಗೆದುಬಿಡ್ತೀರಾ ಸಾರ್?"

"ನಿಜ ಹೇಳೋನ್ನ ತೆಗೆದು ಇನ್ಯಾರನ್ನ ಇಟ್ಕೊಳ್ಳಲಿ? ಡಬ್ಬೀನ ಅಮ್ಮನ ಕೈಗೆ ಸಿಗದ ಹಾಗಿಡು, ಅಷ್ಟೆ."

ಮೇಸ್ತ್ರಿ ನೆಲ ನೋಡುತ್ತಿದ್ದ.

ಪರೀಕ್ಷೆ ಮುಗಿಯುವವರೆಗೂ ಹೋದೆ. ನಾನು ನುಂಗಿದ್ದು ಔಷಧಿಯೋ ಡಮ್ಮಿಯೋ ಇನ್ನೂ ಹೇಳಿಲ್ಲ. ಯಾವುದಾದರೇನು? ಈ ಕಾಯಿಲೆಗೆ ಆ ಮಾತ್ರೆ ಆಗುತ್ತದೋ ಇಲ್ಲವೋ ಎಂದು ಓದಿದವರು ಬರೆಯುವಾಗ, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನ್ನದೂ ಒಂದು ಸಾಲು ಅದರಲ್ಲಿರುತ್ತದೆ. ಆ ಸಾಲು ನಿಜ. ಇಷ್ಟೇ. ಹೇಳಲು ಇನ್ನೇನೂ ಇಲ್ಲ.