ನಾಟಿಗೆ ಮುಂಚಿನ ಒಪ್ಪಂದ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ನನಗೆ ಈಗಲೂ ಕಷ್ಟ. ರಾಯಚೂರಿನಲ್ಲಿ ನಮ್ಮದೊಂದು ಸಣ್ಣ ಕಚೇರಿ ಇದೆ. ಲಾಭದ ಜೊತೆಗೆ ನಾಲ್ಕು ಜನರಿಗೆ ಒಳ್ಳೆಯದೂ ಆಗಲಿ ಎಂದು ಉದ್ಯಮ ಶುರುಮಾಡಿದವರು, ಯಾವುದೋ ನಿರ್ಧಾರದ ಮುಂದೆ ತಡವರಿಸಿದಾಗ ನಮ್ಮನ್ನು ಕರೆಯುತ್ತಾರೆ. ನಾನು ಹೋಗಿ ಎದುರಿಗೆ ಕುಳಿತು ಪ್ರಶ್ನೆ ಕೇಳುತ್ತೇನೆ. ಸಲಹೆ ಕೊಡುವುದು ಕಡಿಮೆ.

“ಅಂದ್ರ ಬರೇ ಕೇಳೂದಕ್ಕ ಪಗಾರ ಕೊಡ್ತಾರ?” ಎಂದು ಅಜ್ಜಿ ಒಮ್ಮೆ ವಿಚಾರಿಸಿದಳು.

“ಹೂಂ.”

“ನಿಮ್ಮ ಮುತ್ಯಾನ ಮಾತು ಇಷ್ಟ್ ವರ್ಷ ಪುಕ್ಕಟೆ ಕೇಳೀನಲ್ಲಬೇ ನಾನು!”

ಮಾತು ಕಡಿಮೆ ಇರುವ ನನಗೆ ಈ ಕೆಲಸ ಒಗ್ಗಿದೆ. ಕೆಲವು ವರ್ಷ ಮಾಡಿದ ಮೇಲೆ ಒಂದು ವಿಷಯ ಗಮನಕ್ಕೆ ಬಂದಿದೆ. ಲಾಭವೊಂದೇ ಬೇಕೆನ್ನುವವರಿಗೆ ನಿರ್ಧಾರ ಸುಲಭ, ಏಕೆಂದರೆ ಅವರಿಗೆ ಇರುವುದು ಒಂದೇ ಪ್ರಶ್ನೆ. ಒಳ್ಳೆಯ ಉದ್ದೇಶ ಇಟ್ಟುಕೊಂಡವರಿಗೆ ‘ಇಲ್ಲ’ ಎಂದ ಕೂಡಲೇ ಯಾರಿಗೋ ಮೋಸ ಮಾಡಿದ ಹಾಗೆ ಅನ್ನಿಸುತ್ತದೆ. ಹಾಗಾಗಿ ಮೊದಲು ‘ಆಗ್ತದ್ರಿ’ ಎಂದುಬಿಡುತ್ತಾರೆ, ಆಮೇಲೆ ಯೋಚಿಸುತ್ತಾರೆ.

ಮಾನ್ವಿಯಲ್ಲಿ ಜೋಳದ ರೊಟ್ಟಿಯ ಘಟಕ ನಡೆಸುವ, ಎಲ್ಲರೂ ‘ಅಕ್ಕ’ ಎಂದು ಕರೆಯುವ ಮಹಿಳೆಯೂ ಹಾಗೆಯೇ ‘ಆಗ್ತದ್ರಿ’ ಎಂದಿದ್ದರು. ರಾಯಚೂರಿನ ಹುಡುಗಿಯರ ಒಂದು ಹಾಸ್ಟೆಲ್ ವರ್ಷಪೂರ್ತಿ ದಿನಾ ಬೆಳಿಗ್ಗೆ ಬಿಸಿ ರೊಟ್ಟಿ ಕೇಳಿತ್ತು. ಒಪ್ಪಂದಕ್ಕೆ ಸಹಿ ಹಾಕುವುದಷ್ಟೇ ಬಾಕಿ. ಅದನ್ನು ನಂಬಿ ದೊಡ್ಡ ಜಾಗ ಬಾಡಿಗೆಗೆ ಹಿಡಿಯಬೇಕೇ ಬೇಡವೇ ಎಂದು ಕೇಳಲು ನನ್ನನ್ನು ಕರೆಸಿದ್ದರು.

ಅಕ್ಕನ ತವರು ದೇವದುರ್ಗದ ಕಡೆ. ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದರಂತೆ. ಒಣಗಿದ ಹತ್ತಿಕಾಯಿಯ ತುದಿ ಚುಚ್ಚಿ ಉಗುರಿನ ಸುತ್ತ ಸದಾ ಗಾಯ. ಅಕ್ಕ ಮಾನ್ವಿಗೆ ಸೊಸೆಯಾಗಿ ಬಂದಾಗ, ಇಲ್ಲಿನ ಹೆಂಗಸರು ಗದ್ದೆಯ ಕೆಸರಿನಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವುದನ್ನು ನೋಡಿ, ಇವರಿಗೆ ನೆರಳಿನಲ್ಲಿ ಕೂತು ಮಾಡುವ ಕೆಲಸ ಕೊಡಬೇಕೆಂದು ನಿಶ್ಚಯಿಸಿದರಂತೆ. ಘಟಕದ ತಗಡಿನ ಶೆಡ್ಡಿನಲ್ಲಿ ಸಾಲಾಗಿ ಗ್ಯಾಸ್ ಒಲೆಗಳಿದ್ದವು. ಫ್ಯಾನ್ ಹಾಕಿದರೆ ಉರಿ ಅಲುಗುತ್ತದೆಂದು ಹೆಂಗಸರು ಸೆಖೆಯಲ್ಲೇ ರೊಟ್ಟಿ ಬಡಿಯುತ್ತಿದ್ದರು.

“ವರ್ಷಪೂರ್ತಿ ಇವರೆಲ್ಲ ಬರ್ತಾರಾ?” ಎಂದು ಕೇಳಿದೆ.

“ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಕರೆದು ಕೇಳೀನ್ರಿ. ಎಲ್ಲಾರೂ ಹೂಂ ಅಂದಾರ.”

“ನಾಟಿ ಹಂಗಾಮಿನಲ್ಲೂ?”

ಅಕ್ಕ ನಕ್ಕರು. “ಹೊಳ್ಳಿ ಕೆಸರಿಗೆ ಯಾಕ ಹೋಗ್ತಾರ್ರಿ? ಇಲ್ಲಿ ನೆಳ್ಳ ಅದ, ಕೂಲಿನೂ ಕಡಿಮಿ ಇಲ್ಲ.”

ಆ ಮಾತು ಸರಿಯೆಂದೇ ಅನ್ನಿಸಿತು. ಆದರೂ ನನ್ನ ಕೆಲಸ ಕೇಳುವುದು, ಹಾಗಾಗಿ ಮಧ್ಯಾಹ್ನ ಒಲೆ ಆರಿಸಿ ಹೆಂಗಸರು ಊಟಕ್ಕೆ ಕುಳಿತಾಗ ಅಕ್ಕನ ಎದುರಿಗೇ ಅದೇ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟೆ. ನಾಟಿಗೆಂದು ಕಾಲುವೆಗೆ ನೀರು ಬಿಟ್ಟ ಮೇಲೆ ಏನು ಮಾಡುತ್ತೀರಿ?

ಅವರಲ್ಲಿ ಗಟ್ಟಿ ಧ್ವನಿಯವಳು, ನಾಟಿಗೆ ಹೋಗುವಾಗ ಇವರ ಗುಂಪಿನ ಮುಂದಾಳು ಆಗಿರುವವಳು, ಪುಂಡಿಪಲ್ಯ ಹಚ್ಚಿದ ತುತ್ತನ್ನು ಕೈಯಲ್ಲೇ ಹಿಡಿದು ಹೇಳಿದಳು: “ನಾಟಿ ಮುಗಿಯೂತನ ಬರಾಕ ಆಗಂಗಿಲ್ರಿ ಮೇಡಮ್ಮಾರ.”

“ಮನ್ನಿ ಹೂಂ ಅಂದ್ಯಲ್ಲಬೇ!” ಅಕ್ಕನ ಧ್ವನಿ ಏರಿತು.

“ನೀವು ನನ್ನೊಬ್ಬಾಕಿನ್ನ ಕೇಳಿದ್ರಿ. ನನ್ನೊಬ್ಬಾಕಿದು ಹೂಂ ಅಂದೆ. ಗುಂಪಿನ ಮಾತು ನಾನೊಬ್ಬಾಕಿ ಹ್ಯಾಂಗ ಹೇಳ್ಲಿ?”

“ಕೆಸರಾಗ ಏನು ಬಂಗಾರ ಇಟ್ಟಾರ?”

ಪಕ್ಕದವಳನ್ನು ಮೊಣಕೈಯಿಂದ ತಿವಿದು ಆಕೆ ಹೇಳಿದಳು: “ನಾಟಿ ಅಂದ್ರ ಎಕರೆ ಲೆಕ್ಕರೀ ಅಕ್ಕಾರ, ಗುಂಪಿಗೇ ಗುತ್ತಿಗಿ. ಇಕಿ ಬರಲಿಲ್ಲಂದ್ರ ಇಕಿ ಪಾಲಿನ ಗದ್ದಿ ನಾನು ಹಚ್ಚಬೇಕು. ನಾ ಬಾಣಂತಿ ಇದ್ದಾಗ ನನ್ನ ಪಾಲಿಂದು ಇಕಿ ಹಚ್ಚ್ಯಾಳ. ಮುಯ್ಯಿ ಅದು. ತೀರಿಸಬೇಕಲ್ರಿ?”

“ಹಚ್ಚೀನಿ ಖರೇ, ಆದ್ರ ಬೈಕೋತ ಹಚ್ಚೀನಿ,” ಎಂದಳು ಪಕ್ಕದವಳು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಸಂಜೆ ನಾವಿಬ್ಬರೇ ಉಳಿದೆವು. “ಅವ್ರ ಸಲುವಾಗಿ ಮಾಡಿದ್ನಿರಿ ಇದನ್ನೆಲ್ಲ,” ಎಂದು ಅಕ್ಕ ಎರಡು ಸಲ ಹೇಳಿದರು. ನಾನು ಅವರ ತವರಿನ ಹತ್ತಿ ಕೂಲಿಯ ಬಗ್ಗೆ ಕೇಳಿದೆ. ಅಲ್ಲಿ ತೂಕದ ಮೇಲೆ ಕೂಲಿ, ಯಾರು ಎಷ್ಟು ಬಿಡಿಸುತ್ತಾರೋ ಅವರಿಗೆ ಅಷ್ಟು. ಒಂದು ದಿನ ಹೋಗದಿದ್ದರೆ ನಷ್ಟ ಹೋಗದವಳಿಗೆ ಮಾತ್ರ. ವಿವರಿಸುತ್ತಿದ್ದ ಹಾಗೆ ಅಕ್ಕ ಮಧ್ಯದಲ್ಲೇ ನಿಲ್ಲಿಸಿದರು.

“ನಾ ಇವ್ರನ್ನೆಲ್ಲ ಹತ್ತಿ ಬಿಡಿಸೋರು ಅಂತ ತಿಳಕೊಂಡು ಕೇಳೀನಿ ನೋಡ್ರಿ,” ಎಂದರು.

ಮುಂದಿನದು ಸುಲಭವಾಗಿರಲಿಲ್ಲ. ನಾಟಿಯ ದಿನಗಳಿಗೆ ಬೇರೆ ಓಣಿಯಿಂದ ಹೆಂಗಸರನ್ನು ಕರೆಯಬಹುದಿತ್ತು, ಆದರೆ ಅಲ್ಲಿಯೂ ಇಂಥದೇ ಗುಂಪುಗಳು. ರೊಟ್ಟಿ ಮಾಡುವ ಯಂತ್ರ ತರೋಣ ಎಂದು ಅವರ ಯಜಮಾನರು ಹೇಳುತ್ತಿದ್ದರು. ಆಗ ಹಾಸ್ಟೆಲ್ಲಿನ ಒಪ್ಪಂದ ಉಳಿಯುತ್ತಿತ್ತು, ಆದರೆ ಒಲೆಯ ಮುಂದೆ ಅಷ್ಟು ಜನ ಬೇಕಾಗುತ್ತಿರಲಿಲ್ಲ.

“ಯಂತ್ರ ಬಂದ ಮೇಲೆ ಈ ಶೆಡ್ ಯಾರಿಗಾಗಿ?” ಎಂದು ಕೇಳಿದೆ. ಅದು ಸ್ವಲ್ಪ ಕಟುವಾಯಿತೇನೋ. ಅಕ್ಕ ಎದ್ದು ರೊಟ್ಟಿಯ ಹಂಚುಗಳನ್ನು ಒರೆಸತೊಡಗಿದರು. ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಈ ಹೆಂಗಸರಲ್ಲಿ ನಾಟಿಗೆ ಹೋಗದವರು ಯಾರಾದರೂ ಇದ್ದಾರೆಯೇ?

ಇದ್ದರು. ಬೆನ್ನು ಬಗ್ಗದ ಇಬ್ಬರು ಮುದುಕಿಯರು, ಕಾಲಿಗೆ ಪೆಟ್ಟಾಗಿ ಗದ್ದೆಗಿಳಿಯದ ಒಬ್ಬಳು. ಗುಂಪು ಅವರಿಗೆ ರಜೆ ಕೊಟ್ಟಿತ್ತು.

“ಹಂಗಾದ್ರ ಮಳಿಗಾಲದಾಗ ನನ್ನ ಧಂದೆ ಈ ಮೂವರು ಬಡಿಯೋ ಅಷ್ಟ,” ಎಂದರು ಅಕ್ಕ. ಅದನ್ನು ಹೇಳುವಾಗ ಅವರ ಮುಖ ನೋಡುವುದು ನನಗೆ ಕಷ್ಟವಾಯಿತು. ದೊಡ್ಡ ಜಾಗದ ಆಸೆಯನ್ನು ಅವರು ಅಷ್ಟು ದಿನ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದರು.

ಮರುದಿನ ಅಕ್ಕ ಹಾಸ್ಟೆಲ್ಲಿನ ವಾರ್ಡನ್‌ಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ನಾಟಿಯ ದಿನಗಳನ್ನು ಬಿಟ್ಟು ಉಳಿದಂತೆ ಕೊಡುತ್ತೇನೆ ಎಂದರು ಅಕ್ಕ.

“ನಮ್ಮ ಹುಡುಗ್ಯಾರು ನಾಟಿ ಮುಗಿಯೂತನ ಉಪಾಸ ಇರಬೇಕೇನ್ರಿ?” ಎಂದಿತು ಆ ಕಡೆಯ ಧ್ವನಿ. ಬೈಗುಳವಲ್ಲ, ನ್ಯಾಯವಾದ ಪ್ರಶ್ನೆ. ಒಪ್ಪಂದ ಬೇರೆಯವರಿಗೆ ಹೋಯಿತು.

ಫೋನು ಇಟ್ಟ ಮೇಲೆ ಗುಂಪಿನ ಮುಂದಾಳು ತಾನಾಗಿ ಬಂದು, “ನಮ್ಮಿಂದ ಕೆಟ್ಟಿತೇನ್ರಿ ಅಕ್ಕಾರ?” ಎಂದಳು. ಅಕ್ಕ ಅವಳ ಕಡೆ ತಿರುಗಿ, “ಕೆಡಲಿಲ್ಲ. ಮುಂಚೇನೆ ತಿಳೀತು,” ಎಂದರು. ಅದು ಪೂರ್ತಿ ನಿಜವಲ್ಲವೆಂದು ಮೂವರಿಗೂ ಗೊತ್ತಿತ್ತು.

ನಾಟಿಯ ನಡುವೆ ನಾನು ಮತ್ತೊಮ್ಮೆ ಹೋದೆ. ಚೀಕಲಪರ್ವಿ ಕಡೆಯ ಗದ್ದೆಗಳಲ್ಲಿ ಗುಂಪು ಇಳಿದಿತ್ತಂತೆ. ಶೆಡ್ಡಿನಲ್ಲಿ ಮೂರು ಒಲೆಗಳ ಜೊತೆ ನಾಲ್ಕನೆಯದೂ ಉರಿಯುತ್ತಿತ್ತು, ಅದರ ಮುಂದೆ ಅಕ್ಕ ಸ್ವತಃ ಕುಳಿತಿದ್ದರು. ಅವರು ಬಡಿದದ್ದನ್ನು ಮುದುಕಿಯೊಬ್ಬಳು ಎತ್ತಿ ಹಿಡಿದು, “ಯವ್ವಾ, ಇದು ರೊಟ್ಟಿ ಏನು ಆಂಧ್ರದ ನಕಾಶೆ ಏನು?” ಎಂದಳು.

“ತಿನ್ನೋರಿಗೆ ಹೊಟ್ಟಿ ತುಂಬಿದ್ರ ಸಾಕು, ಬಾಯಿ ಮುಚ್ಚು,” ಎಂದರು ಅಕ್ಕ.

ಒಪ್ಪಂದ ಬಿಟ್ಟಿದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರಿಗೊಂದು ಫೋನು ಬಂತು. ರಾಯಚೂರಿನ ಒಂದು ಖಾನಾವಳಿಯವರು ಹೆಚ್ಚು ರೊಟ್ಟಿ ಕೇಳುತ್ತಿದ್ದರು. ಅಕ್ಕ ಹಿಟ್ಟಿನ ಕೈ ಎತ್ತಿಕೊಂಡೇ ಪೂರ್ತಿ ಕೇಳಿಸಿಕೊಂಡರು, ಮೂವರ ಕಡೆ ಒಮ್ಮೆ ನೋಡಿದರು.

“ಈಗ ಆಗಂಗಿಲ್ರಿ. ನಾಟಿ ಮುಗಿದ ಮ್ಯಾಲೆ ಗುಂಪಿನ್ನ ಕೇಳಿ ಹೇಳ್ತೀನಿ,” ಎಂದರು, ಮತ್ತು ಮುಂದಿನ ರೊಟ್ಟಿಗೆ ಹಿಟ್ಟು ನಾದತೊಡಗಿದರು.