ಹುಣಸೆಸೋಪಾನದ ಸೀರೆಯ ಸೂರು

ಬೆಳಕು ಹರಿಯುವ ಮುಂಚೆ ಹುಣಸೆಸೋಪಾನದಲ್ಲಿ ಕಾವೇರಿಯು ನೀರಿನ ಹಾಗೆ ಕಾಣುವುದಿಲ್ಲ. ಯಾರೋ ಬಿಳಿ ಪಂಚೆಯೊಂದನ್ನು ಬಂಡೆಗಳ ಮೇಲೆ ಉದ್ದಕ್ಕೂ ಹಾಸಿ, ಮಡಚಿಡುವುದನ್ನು ಮರೆತು ಹೋದಂತಿರುತ್ತದೆ. ಆ ಮಂಜಿನೊಳಗಿಂದ ಮೊದಲು ಪೊರಕೆಯ ಸದ್ದು ಬರುತ್ತದೆ. ಆಮೇಲೆ ತಗಡಿನ ಬಾಗಿಲೊಂದು ಕಿರ್ರೆನ್ನುತ್ತದೆ. ಎಲ್ಲಕ್ಕೂ ಕೊನೆಗೆ ದ್ಯಾವಮ್ಮ ಕಾಣಿಸುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಸುಣ್ಣದ ಚಿಪ್ಪು.

ಶ್ರೀರಂಗಪಟ್ಟಣದ ಅಂಚಿನಲ್ಲಿರುವ ಈ ಸ್ನಾನಘಟ್ಟದಲ್ಲಿ ಹೆಂಗಸರು ಬಟ್ಟೆ ಬದಲಿಸಲೆಂದು ಸಾಲಾಗಿ ಐದು ಕೊಠಡಿಗಳಿವೆ. ಅವನ್ನು ನೋಡಿಕೊಳ್ಳುವುದೇ ದ್ಯಾವಮ್ಮನವರ ಕೆಲಸ. ಗುಡಿಸುವುದು, ತೊಳೆಯುವುದು, ಶಾಂಪೂ ಚೀಟಿ, ಮುರಿದ ಬಳೆ, ಪಿನ್ನು ಆರಿಸುವುದು. ಇವೆಲ್ಲ ಮುಗಿದ ಮೇಲೆ ಅವರು ಒಂದೊಂದು ಕೊಠಡಿಗೂ ಹೋಗಿ ಬಾಗಿಲು ಮುಚ್ಚಿಕೊಂಡು ಗೋಡೆಯನ್ನು ಅಂಗೈಯಿಂದ ಸವರುತ್ತಾರೆ. ಬಟ್ಟೆ ತೂಗುಹಾಕುವ ಕೊಕ್ಕೆಯನ್ನು ತಿರುಗಿಸಿ ನೋಡುತ್ತಾರೆ. ಮೊಳೆ ಕಿತ್ತ ತೂತು ಸಿಕ್ಕರೆ ಬೆರಳಿಟ್ಟು, ಒಳಗೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಸುಣ್ಣ ಮೆತ್ತಿ ಮುಚ್ಚುತ್ತಾರೆ.

"ಈಗೆಲ್ಲ ಅಂಗಿ ಗುಂಡಿಯಷ್ಟಗಲದ ಕ್ಯಾಮ್ರಾ ಬಂದವಂತಲ್ಲಪ್ಪ. ನಂಗೆ ಕಣ್ಣು ಅಷ್ಟಕ್ಕಷ್ಟೆ. ಅದ್ಕೇಯ ಕೈಯಲ್ಲಿ ನೋಡ್ತೀನಿ" ಎನ್ನುತ್ತಾರೆ. ಬ್ಲೀಚಿಂಗ್ ಪುಡಿ ತಾಗಿ ತಾಗಿ ಅಂಗೈ ಬಿರುಕು ಬಿಟ್ಟಿದೆ. ಚಳಿಗಾಲದಲ್ಲಿ ಮುದ್ದೆ ಮುರಿಯುವಾಗ ಉರಿಯುತ್ತದಂತೆ.

ಅವರ ಊರು ಹತ್ತಿರದ ಕಿರಂಗೂರು. ಈ ಘಟ್ಟಕ್ಕೆ ಅವರು ಮೊದಲು ಬಂದದ್ದು ಕೆಲಸ ಹುಡುಕಿಕೊಂಡಲ್ಲ, ಗಂಡ ನಂಜಪ್ಪನವರ ಅಸ್ಥಿ ಬಿಡಲು. ಆಗ ಇಲ್ಲಿ ಕೊಠಡಿಗಳಿರಲಿಲ್ಲ. ಮುಳುಗು ಹಾಕಿ ಮೇಲೆ ಬಂದವರು ಹುಣಸೆಮರದ ಮರೆಯಲ್ಲಿ ಸೀರೆ ಬದಲಿಸಬೇಕಿತ್ತು. ನಾದಿನಿ ಟವಲು ಅಡ್ಡ ಹಿಡಿದಿದ್ದಳು. ನದಿಯ ಮೇಲಿಂದ ಬೀಸಿದ ಗಾಳಿ ಟವಲನ್ನು ಕಿತ್ತುಕೊಂಡು ಹೋಯಿತು. "ಅವರು ಹೋದ ದುಃಖ ಒಂದ್ ಕಡೆ. ಅವತ್ತು ಅಷ್ಟು ಜನದ ಮುಂದೆ ನಿಂತಿದ್ನಲ್ಲ, ಆ ಸಂಕಟ ಇನ್ನೊಂದ್ ಕಡೆ. ಅಳೋಕೂ ಆಗ್ದಂಗೆ ಆಗೋಯ್ತು." ಮುಂದೆ ಕೊಠಡಿಗಳು ಎದ್ದಾಗ, ಇವನ್ನು ನೋಡಿಕೊಳ್ಳುವುದಕ್ಕೆ ಯಾರಾದರೂ ಬೇಕೇ ಎಂದು ತಾವೇ ಹೋಗಿ ಕೇಳಿದರು.

ಇಲ್ಲಿಗೆ ಪಾಂಡವಪುರದಿಂದ, ಕೆ.ಆರ್.ಪೇಟೆಯಿಂದ, ನಾಗಮಂಗಲದಿಂದ ಜನ ಬರುತ್ತಾರೆ. ಬರುವಾಗ ಮಡಕೆಯೊಂದನ್ನು ಮಗುವಿನಂತೆ ಎದೆಗವಚಿಕೊಂಡಿರುತ್ತಾರೆ. ಹೋಗುವಾಗ ಕೈ ಬರಿದಾಗಿರುತ್ತದೆ. ಈ ಎರಡರ ನಡುವಿನ ಹೊತ್ತಿನಲ್ಲಿ ಹೆಂಗಸರು ದ್ಯಾವಮ್ಮನವರ ಕೊಠಡಿಗೆ ಬರುತ್ತಾರೆ. ಗಂಡಸರು ದಡದಲ್ಲೇ ಪಂಚೆ ಹಿಂಡಿ ಉಟ್ಟುಕೊಳ್ಳುತ್ತಾರೆ. ಹೆಂಗಸರು ಮಾತ್ರ ಬಾಗಿಲು ಹಾಕಿಕೊಂಡು ಅಲ್ಲಿಯವರೆಗೆ ತಡೆದಿಟ್ಟ ಅಳುವನ್ನು ಬಿಡುತ್ತಾರೆ. ಹೊರಗೆ ಕಲ್ಲಿನ ಮೇಲೆ ಕೂತ ದ್ಯಾವಮ್ಮ ಆಗ ಯಾರನ್ನೂ ಬಾಗಿಲು ಬಡಿಯಲು ಬಿಡುವುದಿಲ್ಲ.

ಕಟ್ಟಿದವರು ಕೊಠಡಿಗಳಿಗೆ ಸೂರು ಹಾಕಿರಲಿಲ್ಲ. ಬಿಸಿಲು ಬೀಳಲಿ, ಪಾಚಿ ಹಿಡಿಯದಿರಲಿ ಎಂಬ ಎಣಿಕೆ. ಮೇಲೆ ಬರೀ ಆಕಾಶ. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ, ಎರಡು ಮಳೆಗಾಲದ ಹಿಂದೆ ಘಟ್ಟದ ನೆತ್ತಿಯ ಮೇಲೊಂದು ಉಕ್ಕಿನ ಕಂಬ ಎದ್ದು, ಅದರ ತುದಿಯಲ್ಲಿ ಗಾಜಿನ ತಲೆಯ ಕ್ಯಾಮೆರಾ ಕೂರುವವರೆಗೆ.

ಕ್ಯಾಮೆರಾ ಬಂದದ್ದು ಒಳ್ಳೆಯದಕ್ಕೇ. ಕೆ.ಆರ್.ಎಸ್.ನಿಂದ ನೀರು ಬಿಟ್ಟ ದಿನಗಳಲ್ಲಿ ಮೆಟ್ಟಿಲು ಯಾವುದು, ಸುಳಿ ಯಾವುದು ತಿಳಿಯದೆ ಜನ ಜಾರುತ್ತಿದ್ದರು. ಅದನ್ನು ಹಾಕಿದ ವರ್ಷವೇ ಪಾಂಡವಪುರದ ಒಬ್ಬರು ಕೊಚ್ಚಿಹೋಗುತ್ತಿದ್ದುದನ್ನು ಕಾವಲುಗಾರ ಚಲುವರಾಜು ಪರದೆಯಲ್ಲಿ ಕಂಡು ಕೂಗು ಹಾಕಿದರು, ತೆಪ್ಪದವರು ಎಳೆದು ತಂದರು. ದಡದಲ್ಲಿ ಆ ಮನುಷ್ಯನ ಬೆನ್ನು ಉಜ್ಜಿದವರು ದ್ಯಾವಮ್ಮನೇ. "ಕ್ಯಾಮ್ರಾ ಬ್ಯಾಡ ಅಂದವ್ಳಲ್ಲ ನಾನು. ಅದು ನೀರ ನೋಡ್ಲಿ. ನಮ್ಮನ್ಯಾಕೆ ನೋಡ್ಬೇಕು?"

ಅದು ತಮ್ಮನ್ನೂ ನೋಡುತ್ತದೆಂದು ಅವರಿಗೆ ಗೊತ್ತಾದದ್ದು ಒಂದು ಕಾರ್ತಿಕದ ಬೆಳಿಗ್ಗೆ. ಪಾಚಿಯಲ್ಲಿ ಕಾಲು ಜಾರಿ ಪೂರ್ತಿ ನೆನೆದಿದ್ದರು. ನಡುವಿನ ಕೊಠಡಿಗೆ ಹೋಗಿ ಸೀರೆ ಬಿಚ್ಚುತ್ತಾ ಸುಮ್ಮನೆ ಕತ್ತೆತ್ತಿದರು. ಹತ್ತಿ ಹಿಂಜಿದಂಥ ಮೋಡ, ಒಂದು ಗರುಡ. ಗೋಡೆಯ ಅಂಚಿನಾಚೆ ಕಂಬದ ತುದಿ. "ಸೂರ್ಯಕಾಂತಿ ಹೂವು ತಿರುಗೋ ಅಂಗೆ ಮೆಲ್ಲುಕೆ ತಿರುಗ್ತು. ತಿರುಗಿ ನನ್ ಕಡೆ ಬಂದು ನಿಂತ್ಕತ್ತು. ನಾನೂ ಅದೂ ಮಕ ಮಕ ನೋಡ್ಕತಾ ನಿಂತಿದ್ದೋ."

ಸೀರೆ ಸುತ್ತಿಕೊಂಡವರೇ ನೇರ ಚಲುವರಾಜು ಕೂರುವ ಕೋಣೆಗೆ ಹೋದರು. ಗೋಡೆಗೆ ನೇತುಹಾಕಿದ ಪರದೆಯಲ್ಲಿ ನದಿ, ಮೆಟ್ಟಿಲು, ಗಾಡಿ ನಿಲ್ಲುವ ಜಾಗ ಎಲ್ಲ ಕಾಣುತ್ತಿತ್ತು. ಒಂದು ಚೌಕದಲ್ಲಿ ಅವರ ಐದು ಕೊಠಡಿಗಳಿದ್ದವು, ಮುಚ್ಚಳ ತೆಗೆದ ಬೆಂಕಿಪೊಟ್ಟಣಗಳ ಹಾಗೆ. ಕೊನೆಯದರಲ್ಲಿ ಒಬ್ಬ ಹೆಂಗಸು ಒದ್ದೆ ಸೀರೆಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಹಣೆ ಕೊಟ್ಟು ನಿಂತಿದ್ದಳು. ನಾಗಮಂಗಲದ ಅಂಗನವಾಡಿ ಕಾರ್ಯಕರ್ತೆ ಪ್ರಮೀಳಾ. ಅಣ್ಣನ ಜೊತೆ ತಾಯಿಯ ಅಸ್ಥಿ ಬಿಡಲು ಬಂದು, ಆಗಷ್ಟೇ ದ್ಯಾವಮ್ಮನವರ ಹತ್ತಿರ ಕೊಠಡಿ ಯಾವುದೆಂದು ಕೇಳಿ ಹೋದವಳು.

ದ್ಯಾವಮ್ಮ ಸೆರಗು ಎಳೆದು ಪರದೆಯ ಮೇಲೆ ಹರವಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಆ ಹೆಂಗಸು ಹೊರಗೆ ಬಂದ ಬಾಗಿಲ ಸದ್ದು ಕೇಳುವವರೆಗೆ ಕದಲಲಿಲ್ಲ.

"ನಾನು ನೋಡಲ್ಲ ಕಣಕ್ಕ. ಅದು ಆ ಕಡೆ ತಿರುಗ್ದಾಗ ತಲೆ ತಗ್ಗಿಸ್ಕತೀನಿ" ಎಂದರು ಚಲುವರಾಜು, ನೆಲ ನೋಡುತ್ತಾ.

"ನೀನು ತಗ್ಗಿಸ್ತೀಯ ಕಣ್ಲಾ. ನಿನ್ ಬದ್ಲಿಗೆ ನಾಳೆ ಬರೋನು ತಗ್ಗಿಸ್ತಾನಾ? ಎಲ್ಲಾನೂ ತುಂಬಿಕತದಲ್ಲ ಆ ಡಬ್ಬ, ಅದು ತಗ್ಗಿಸ್ತದಾ?"

ದ್ಯಾವಮ್ಮ ಘಟ್ಟದ ಮೇಲ್ವಿಚಾರಕರಿಗೆ ಹೇಳಿದರು. ಕ್ಯಾಮೆರಾ ತಿರುಗಿಸುವುದು ತಮ್ಮ ಕೈಯಲ್ಲಿಲ್ಲ, ಮೇಲಿನಿಂದ ಆದೇಶ ಬರಬೇಕು ಎಂದರು ಅವರು. ಆದೇಶ ಬರಲಿಲ್ಲ. ಅಷ್ಟರಲ್ಲಿ ದ್ಯಾವಮ್ಮ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ "ಮ್ಯಾಲೆ ಕ್ಯಾಮ್ರಾ ಅದೆ ಕಣವ್ವಾ, ನೋಡ್ಕಂಡು ಉಟ್ಕಳಿ" ಎಂದು ಹೇಳತೊಡಗಿದರು.

ಹೇಳಿದ್ದು ಹೀಗಾಗುತ್ತದೆಂದು ಅವರು ಎಣಿಸಿರಲಿಲ್ಲ. ಹೆಂಗಸರು ಕೊಠಡಿಗೆ ಬರುವುದನ್ನೇ ಬಿಟ್ಟರು. ಒದ್ದೆ ಸೀರೆಯ ಮೇಲೊಂದು ಟವಲು ಹೊದ್ದು, ಹಲ್ಲು ಕಟಕಟಿಸುತ್ತಾ ಬಸ್ಸು ಹತ್ತುತ್ತಿದ್ದರು. ಮಾಗಿಯ ಚಳಿ. ಕಿಟಕಿಯ ಗಾಳಿ. ಕೆ.ಆರ್.ಪೇಟೆ ಕಡೆಯ ಮುದುಕಿಯೊಬ್ಬರು ಹಾಗೆ ಹೋದವರು ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದರೆಂದು, ಮುಂದಿನ ತಿಂಗಳು ನದಿಗೆ ಬಂದ ಸೊಸೆ ಹೇಳಿದಳು. ಮುದುಕಿ ಉಳಿದರು. ದ್ಯಾವಮ್ಮನಿಗೆ ಮಾತ್ರ ಬಹಳ ದಿನ ಊಟ ಸೇರಲಿಲ್ಲ. "ಸುಮ್ಕಿದ್ರೆ ಮಾನ ಓಯ್ತದೆ, ಯೋಳಿದ್ರೆ ಪ್ರಾಣಕ್ಕೆ ಬತ್ತದೆ. ನಾನೇನ್ ಮಾಡ್ಲವ್ವಾ ಅಂತ ಆ ತಾಯಿನೇ ಕೇಳ್ದೆ" ಎಂದು ನದಿಯತ್ತ ಕೈ ತೋರಿಸುತ್ತಾರೆ.

ಉತ್ತರ ನೀರಿನಲ್ಲೇ ತೇಲುತ್ತಿತ್ತು. ಕರ್ಮ ಮುಗಿಸಿದವರು ಬಿಟ್ಟುಹೋದ ಸೀರೆಗಳು ಬಂಡೆಗಳಿಗೆ ಸುತ್ತಿಕೊಂಡು, ನೀರೊಳಗಿನ ಬಳ್ಳಿಗಳಂತೆ ಆಡುತ್ತಿದ್ದವು. ಅವನ್ನು ಎಳೆದು ತಂದು, ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿ, ಗೋಡೆಯಿಂದ ಗೋಡೆಗೆ ಬಿಗಿದು ಕಟ್ಟಿದರು. ಕಟ್ಟಿದ ದಿನವೇ ಒಬ್ಬಾಕೆ ಬಾಗಿಲು ತೆರೆದು, ಮೇಲೆ ನೋಡಿ, ಹಿಂದಕ್ಕೆ ಸರಿದಳು. "ಸತ್ತೋರ ಬಟ್ಟೆ ಕೆಳಗೆ ನಿಂತ್ಕಬೇಕಾ?"

ದ್ಯಾವಮ್ಮ ಸಂಜೆಗೆ ಎಲ್ಲವನ್ನೂ ಬಿಚ್ಚಿದರು. ಮನೆಗೆ ಹೋಗಿ ಟ್ರಂಕು ತೆಗೆದು, ತಮ್ಮವೇ ಸೀರೆಗಳನ್ನು ಹೊರಗಿಟ್ಟರು. ನಂಜಪ್ಪ ಸುಗ್ಗಿ ಮುಗಿದ ವರ್ಷ ತಂದ ಕೆಂಪಂಚಿನದು, ಮಗಳ ಬಾಣಂತನಕ್ಕೆ ಉಟ್ಟದ್ದು, ಒಂದು ಮಡಿಕೆ ಕೂಡ ಬಿಚ್ಚದ ನೀಲಿಯದು. ಗಂಟು ಕಟ್ಟಿಕೊಂಡು ಗಂಜಾಂನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಗೆಳತಿ ಖೈರುನ್ನೀಸಾ ಹತ್ತಿರ ಹೋದರು. ಗಾಳಿಗೆ ಹರಿಯದ ಹಾಗೆ ಅಂಚಿಗೆ ಹಗ್ಗ ಸೇರಿಸಿ ಹೊಲಿಯಬೇಕಿತ್ತು.

"ಅರೇ ಅಕ್ಕಾ, ಒಳ್ಳೆ ಸೀರೇನೆಲ್ಲ ಬಿಸಿಲಿಗೆ ಹಾಕ್ತೀಯಲ್ಲ, ಹುಚ್ಚಾ ನಿಂಗೆ?" ಎಂದು ಕೇಳಿದ ಖೈರುನ್ನೀಸಾ, ವಿಷಯ ತಿಳಿದ ಮೇಲೆ ನಕ್ಕರು. "ತಲೆ ಮೇಲೊಂದು ಪರ್ದಾ ಅಂತೀಯ. ಇಷ್ಟೇ ತಾನೆ? ಈ ಕೆಲಸಕ್ಕೆ ನನ್ಗಿಂತ ಬೇರೆ ಯಾರು ಸಿಕ್ತಾರೆ ನಿಂಗೆ?" ಅಂಗಡಿಯಲ್ಲಿ ಯಾರೂ ಒಯ್ಯದೆ ಉಳಿದ ಎಲೆಹಸಿರು ಬಟ್ಟೆಯೊಂದನ್ನೂ ಅದಕ್ಕೆ ಸೇರಿಸಿ, ಐದು ಸೂರು ಹೊಲಿದು ಕೊಟ್ಟರು.

ಆ ಸೂರುಗಳ ಕೆಳಗೆ ಬೆಳಗಿನ ಹೊತ್ತು ನಿಲ್ಲಬೇಕು. ಬಿಸಿಲು ಬಟ್ಟೆಯನ್ನು ದಾಟಿ ಬರುವಾಗ ಬಣ್ಣ ಹಚ್ಚಿಕೊಂಡು ಬರುತ್ತದೆ. ಒಂದು ಕೊಠಡಿ ದಾಳಿಂಬೆಯ ಒಳಗಿನಂತೆ ಕೆಂಪು, ಇನ್ನೊಂದು ಎಳೆಬಾಳೆಯ ತೋಟ, ಮತ್ತೊಂದರಲ್ಲಿ ನೀಲಿ ಎಷ್ಟು ದಟ್ಟವೆಂದರೆ ನೀರಿನಿಂದ ಮೇಲೆ ಬಂದವರು ಮತ್ತೆ ನೀರೊಳಕ್ಕೇ ಇಳಿದಂತೆ. ಗಾಳಿ ಬಂದಾಗ ಬಟ್ಟೆ ಉಸಿರು ತೆಗೆದುಕೊಂಡು ಬಿಡುತ್ತದೆ. ಗೋಡೆಯ ಮೇಲೆ ಬಣ್ಣ ಅಲೆಯಾಡುತ್ತದೆ. ಒಳಗೆ ಹೋದವರು ಬೇಗ ಹೊರಗೆ ಬರುವುದಿಲ್ಲ.

ಹೆಂಗಸರು ಮತ್ತೆ ಒಣಗಿದ ಸೀರೆಯಲ್ಲಿ ಬಸ್ಸು ಹತ್ತತೊಡಗಿದರು. ಆದರೆ ಮೇಲ್ವಿಚಾರಕರು ಬಂದು ಕತ್ತೆತ್ತಿ ನೋಡಿ ಕೋಪಿಸಿಕೊಂಡರು. ಪರದೆಯಲ್ಲಿ ಬರೀ ಬಟ್ಟೆ ಕಾಣುತ್ತದೆ, ಒಳಗೆ ಏನಾದರೂ ಆದರೆ ಹೊಣೆ ಯಾರು?

"ಏನಾರ ಆದ್ರೆ ನಾನಿವ್ನಿ ಅಲ್ವಾ ಸ್ವಾಮಿ ಬಾಗ್ಲಲ್ಲಿ" ಎಂದರು ದ್ಯಾವಮ್ಮ. ಸೋಮವಾರದೊಳಗೆ ತೆಗೆಯಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಹೇಳಿ ಅವರು ಹೋದರು.

ಸೋಮವಾರ ಬೆಳಿಗ್ಗೆ ದ್ಯಾವಮ್ಮ ಎಂದಿನಂತೆ ಗುಡಿಸಿದರು, ಗೋಡೆ ಸವರಿದರು. ಸೂರಿನ ಹಗ್ಗಕ್ಕೆ ಕೈ ಹಾಕಲಿಲ್ಲ. ಪೊರಕೆಯನ್ನು ಮೂಲೆಗಿಟ್ಟು ಕಲ್ಲಿನ ಮೇಲೆ ಕೂತರು. ಮೇಲ್ವಿಚಾರಕರು ಬಂದಾಗ ದ್ಯಾವಮ್ಮನಿಗಿಂತ ಮುಂಚೆ ಎದ್ದು ಬಂದವರು ಚಲುವರಾಜು. ಬಹಳ ಮೆತ್ತಗಿನ ಮನುಷ್ಯ, ಎದುರು ಮಾತಾಡಿದ್ದನ್ನು ಘಟ್ಟದಲ್ಲಿ ಯಾರೂ ಕೇಳಿರಲಿಲ್ಲ. "ಸಾರ್, ಈ ಕಂಬ ಬಂದಾಗ್ಲಿಂದ ನೋಡ್ಬಾರದ್ದು ಕಣ್ಮುಂದೆ ಬರ್ತಾನೆ ಅದೆ. ಮನೇಗ್ ಹೋದ್ರೆ ಹೆಂಡ್ತಿ ಮಕ ನೋಡಕ್ಕಾಗಲ್ಲ, ನಿದ್ದೆ ಬರಲ್ಲ. ಆ ಸೀರೆ ಕಟ್ಟಿದ್ಮೇಲೆ ನೆಮ್ಮದಿಯಾಗಿ ಉಣ್ತಾ ಇವ್ನಿ. ಅದನ್ನ ತೆಗೆಸೋದಾದ್ರೆ ನಾಳೆಯಿಂದ ನೀವೇ ಕೂತ್ಕಳಿ ಆ ಕುರ್ಚೀಲಿ."

ಮೇಲ್ವಿಚಾರಕರು ಕಿಸೆಯಿಂದ ಫೋನು ತೆಗೆದು ಮೇಲಿನವರಿಗೆ ಕರೆ ಮಾಡಿದರು.

ಅದೇ ವಾರ ಕ್ಯಾಮೆರಾ ರಿಪೇರಿಯ ಅಜ್ಮಲ್ ಬಂದರು. ಅದು ಕೊಠಡಿಗಳತ್ತ ತಿರುಗದಂತೆ ಕಟ್ಟು ಮಾಡಿ, ಪರದೆಯಲ್ಲಿ ಆ ಜಾಗದ ಮೇಲೊಂದು ಕಪ್ಪು ಚೌಕ ಎಳೆದರು. ಅಲ್ಲಿಯವರೆಗೆ ತುಂಬಿಕೊಂಡಿದ್ದ ಚಿತ್ರಗಳನ್ನು ತಮ್ಮ ಕಣ್ಣೆದುರೇ ಅಳಿಸಬೇಕೆಂದು ದ್ಯಾವಮ್ಮ ಪಟ್ಟು ಹಿಡಿದರು. ಅಜ್ಮಲ್ ಕುರ್ಚಿ ಎಳೆದು ಕೂರಿಸಿ, ಪಟ್ಟಿಯಲ್ಲಿ ಒಂದೊಂದನ್ನೂ ತೋರಿಸಿ ಅಳಿಸಿದರು.

"ಈಗ ಸರೀನಾಮ್ಮಾ? ಇನ್ನು ಸೀರೆ ತೆಗೀಬಹುದು."

"ಈ ಕರೀ ಚೌಕ ಎಳ್ದೋನು ನೀನು. ಬ್ಯಾಡ ಅಂದ್ರೆ ಅಳಿಸ್ಬೋದಲ್ವಾ ಮಗಾ?"

ಅಜ್ಮಲ್ "ಅಳಿಸ್ಬಹುದು" ಎಂದರು.

"ಅಂಗಾರೆ ಸೀರೇನೂ ಇರ್ಲಿ ಬುಡು."

ಎರಡೂ ಇವೆ. ಬಣ್ಣ ಮಾಸಿದ ಸೂರನ್ನು ಖೈರುನ್ನೀಸಾ ಆಗಾಗ ಬದಲಿಸಿ ಕೊಡುತ್ತಾರೆ. ಕೆಲಸ ಉಳಿಯಿತು, ಸೂರೂ ಉಳಿಯಿತು. ಒಂದು ವಿಷಯ ಮಾತ್ರ ದ್ಯಾವಮ್ಮನವರ ಎದೆಯಲ್ಲಿ ಮುಳ್ಳಿನಂತೆ ನಿಂತಿತ್ತು. ಅವತ್ತು ಗೋಡೆಗೆ ಹಣೆ ಕೊಟ್ಟು ನಿಂತಿದ್ದ ಪ್ರಮೀಳಾಗೆ ಏನೂ ಗೊತ್ತಿರಲಿಲ್ಲ.

ತಾಯಿಯ ವರ್ಷದ ತಿಥಿಗೆ ಪ್ರಮೀಳಾ ಬಂದಳು. ಆಕೆ ಮುಳುಗು ಹಾಕಿ ಬರುವವರೆಗೂ ದ್ಯಾವಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೇಳದಿದ್ದರೆ ಆಕೆ ನೆಮ್ಮದಿಯಾಗಿ ಹೋಗುತ್ತಾಳೆ. ಆದರೆ ಆಕೆಯದೇ ಸಂಗತಿಯನ್ನು ಆಕೆಗೇ ಹೇಳದೆ ಇಟ್ಟುಕೊಳ್ಳಲು ತಾನು ಯಾರು? ಕೊನೆಗೆ ಪಕ್ಕಕ್ಕೆ ಕರೆದು, ಕೈ ಹಿಡಿದುಕೊಂಡು, ಆದದ್ದನ್ನೆಲ್ಲ ಹೇಳಿದರು.

ಪ್ರಮೀಳಾ ಒದ್ದೆ ಸೀರೆಯಲ್ಲಿ ನಡುಗುತ್ತಾ ಕೇಳಿಸಿಕೊಂಡಳು. "ಪೂರ್ತಿ ಅಳಿಸವ್ರಾ?"

"ನನ್ ಕಣ್ಮುಂದೆ ಅಳಿಸವ್ರೆ. ಅದಕ್ಕಿಂತ ಎಚ್ಚಿಗೆ ನಂಗೊತ್ತಿಲ್ಲ ಕಣವ್ವಾ. ಸುಳ್ಳು ಯೋಳಕ್ಕಿಲ್ಲ."

ಆಕೆಯ ಮುಖ ಕೆಂಪೇರಿತು, ಸಿಟ್ಟೋ ಅಳುವೋ ತಿಳಿಯಲಿಲ್ಲ. ಕೈ ಬಿಡಿಸಿಕೊಂಡಳು. ಹೊರಟೇಬಿಡುತ್ತಾಳೆ ಎಂದುಕೊಂಡರು ದ್ಯಾವಮ್ಮ. ಆದರೆ ಆಕೆ ಬಟ್ಟೆಯ ಚೀಲ ತೆಗೆದುಕೊಂಡು ನೀಲಿ ಕೊಠಡಿಯ ಬಾಗಿಲವರೆಗೆ ಹೋಗಿ, ಮೇಲೆ ನೋಡಿ, ತಿರುಗಿ ಕೇಳಿದಳು. "ನೀವು ಇಲ್ಲೇ ಇರ್ತೀರಲ್ವಾ?"

"ಇಲ್ಲೇ ಇರ್ತೀನಿ ಓಗವ್ವಾ."

ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಒಳಗಿಂದ ಮೊದಲು ನೀರು ಹಿಂಡುವ ಸದ್ದು, ಆಮೇಲೆ ತಡೆಯಿಲ್ಲದ ಅಳು. ದ್ಯಾವಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಬಸ್ಸಿಗೆ ಹೊತ್ತಾಯಿತೆಂದು ಕೂಗುತ್ತಾ ಬಂದ ಅಣ್ಣನಿಗೆ ಸುಮ್ಮನಿರುವಂತೆ ಕೈ ತೋರಿಸಿದರು.

ಇವತ್ತಿನ ಮಂಜು ಈಗ ಕರಗಿದೆ, ನದಿ ನದಿಯ ಹಾಗೆ ಕಾಣುತ್ತಿದೆ. ಮೊದಲ ಬಸ್ಸಿನ ಜನ ಮೆಟ್ಟಿಲಿಳಿಯುತ್ತಿದ್ದಾರೆ. ನಿಮಗೆ ಏನು ಆಸೆ ಎಂದು ಕೇಳಿದರೆ ದ್ಯಾವಮ್ಮ ಬಿರುಕು ಬಿಟ್ಟ ಅಂಗೈಯನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ.

"ಒಬ್ಳು ಎಂಗಸು ಒದ್ದೆ ಸೀರೆ ಬಿಚ್ಚಿ, ಒಣಗಿರೋದು ಉಟ್ಕಳೋಕೆ ಎಷ್ಟೊತ್ತಾಯ್ತದೆ ಯೋಳಿ? ಅಷ್ಟೊತ್ತು ಈ ಲೋಕ ಅತ್ಲಾಗೆ ತಿರುಗ್ಕಂಡಿರ್ಲಿ. ಅಷ್ಟೇಯ."