ಬಾಗಿಲಗಲದ ಜಾಗ

ನಮ್ಮ ಅತ್ತೆ ಯಾವ ಮಾತನ್ನೂ ಒಂದೇ ಸಲ ಹೇಳುವವರಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಸಾರುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಆ ಅಭ್ಯಾಸ ಅವರನ್ನು ಬಿಟ್ಟಿಲ್ಲ. "ಊಟಕ್ಕೆ ಬನ್ನಿ" ಎಂದು ಒಮ್ಮೆ ಕೂಗಿ, ಒಂದು ಉಸಿರು ಬಿಟ್ಟು, ಅದೇ ದನಿಯಲ್ಲಿ ಮತ್ತೆ "ಊಟಕ್ಕೆ ಬನ್ನಿ" ಎನ್ನುತ್ತಾರೆ.

"ಮೊದಲನೇ ಸಲ ಹೇಳೋದು ಕಿವಿ ಇತ್ತ ತಿರುಗಲಿ ಅಂತ. ಎರಡನೇದು ಕೇಳಿಸಲಿ ಅಂತ."

"ನಾನು ಮೊದಲನೇ ಸಲಕ್ಕೇ ಹತ್ತಿ ಸೀಟು ಹಿಡಿದಿದ್ದೀನಿ ಕಣಮ್ಮ" ಎಂದು ನಮ್ಮವರು ತಟ್ಟೆಯ ಮುಂದೆ ಕೂತು ರೇಗಿಸುತ್ತಾರೆ.

ಬೀದಿಯವರು ಅವರನ್ನು ಮೈಕಮ್ಮ ಎಂದೇ ಕರೆಯುತ್ತಾರೆ. ಮಾವನವರು ಅದೇ ನಿಲ್ದಾಣದ ಕಂಡಕ್ಟರ್ ಆಗಿದ್ದವರು. ಮುಖ ಕಾಣುವ ಮೊದಲೇ ಆ ದನಿಗೆ ಮನಸೋತಿದ್ದರಂತೆ. ಕೆಲಸದ ದಿನಗಳ ಕಥೆಗಳಲ್ಲಿ ಅತ್ತೆಗೆ ಬಹಳ ಇಷ್ಟವಾದದ್ದು ಒಂದಿತ್ತು. ಒಮ್ಮೆ ಅವರು ಊರಿನ ಹೆಸರು ತಪ್ಪಿ ಹೇಳಿದ್ದರಿಂದ ಜನ ತಪ್ಪು ಬಸ್ಸಿಗೆ ತುಂಬಿಕೊಂಡರಂತೆ. ಅತ್ತೆ ತಡಮಾಡಲಿಲ್ಲ. "ತಪ್ಪು ನನ್ನದು, ದಯವಿಟ್ಟು ಇಳಿಯಿರಿ" ಎಂದು ಮೈಕಿನಲ್ಲೇ ಹೇಳಿದರು. ಎರಡು ಸಲ. ಬೈಸಿಕೊಂಡದ್ದನ್ನೂ ಸೇರಿಸಿ, ಎದೆಯುಬ್ಬಿಸಿ ಈ ಕಥೆ ಹೇಳುತ್ತಿದ್ದರು. ಆ ಬೆಳಗಿನ ನಂತರ ನಾನು ಅದನ್ನು ಅವರ ಬಾಯಲ್ಲಿ ಕೇಳಿಲ್ಲ.

ಆ ಬೆಳಗ್ಗೆ ನಮ್ಮ ಮಗಳು ಪುಟ್ಟಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಾಡಿಗೆ ಕಾರಿನಲ್ಲಿ ಮನೆಗೆ ಬಂದಿದ್ದೆವು. ಡ್ರೈವರ್ ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರಿಂದ ನನ್ನ ಕಡೆಯ ಬಾಗಿಲು ತೆರೆಯುವಂತಿರಲಿಲ್ಲ. ರಸ್ತೆಯ ಕಡೆ ಅತ್ತೆ, ಅವರ ತೊಡೆಯ ಮೇಲೆ ಮಗು. ಕೈ ನೋವೆಂದು ಪುಟ್ಟಿ ದಾರಿಯುದ್ದಕ್ಕೂ ಅತ್ತಿದ್ದಳು. "ಬಂದೇಬಿಡ್ತು ನಮ್ಮನೆ, ಬಂದೇಬಿಡ್ತು" ಎನ್ನುತ್ತ ಅತ್ತೆ ಬಾಗಿಲು ತಳ್ಳಿದರು. ಹಿಂದೆ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ.

ಅಂಥ ದೊಡ್ಡ ಸದ್ದೇನೂ ಆಗಲಿಲ್ಲ. ಇಳಿದು ನೋಡಿದರೆ ಇಸ್ತ್ರಿ ಅಕ್ಕ ಸೈಕಲ್ ಸಮೇತ ರಸ್ತೆಯಲ್ಲಿ ಬಿದ್ದಿದ್ದಳು. ಮೂಲೆಯ ಶೆಡ್ಡಿನಲ್ಲಿ ಬೀದಿಯವರ ಬಟ್ಟೆಗಳಿಗೆ ಇಸ್ತ್ರಿ ಹಾಕಿ, ಸೈಕಲ್ಲಿನಲ್ಲಿ ಮನೆಮನೆಗೆ ತಲುಪಿಸುವವಳು ಅವಳು. ಕ್ಯಾರಿಯರ್ ಮೇಲಿನ ಗಂಟು ಬಿಚ್ಚಿ, ಯಾರದೋ ಬಿಳಿ ಅಂಗಿಗಳು ಮಡಿಕೆ ಕೆಡದೆ ರಸ್ತೆಯುದ್ದಕ್ಕೂ ಹರಡಿದ್ದವು. ಜನ ಓಡಿಬಂದರು. ಬಂದವರು ಮೊದಲು ಮಾಡಿದ ಕೆಲಸ ಡ್ರೈವರನ ಕೊರಳಪಟ್ಟಿ ಹಿಡಿದದ್ದು.

"ಅವನನ್ನ ಬಿಡಿ" ಎಂದಳು ಇಸ್ತ್ರಿ ಅಕ್ಕ, ಮುರಿದ ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡು. "ಯಾರೂ ಏನೂ ಮಾಡಿಲ್ಲ. ಅಲ್ಲಿ ಗುಂಡಿ ಇದೆ ನೋಡಿ, ಅದಕ್ಕೇ ಬಿದ್ದೆ."

ಗುಂಡಿ ಇದ್ದದ್ದು ನಿಜ. ಎಲ್ಲರೂ ತಿರುಗಿ ಅದನ್ನು ನೋಡಿದರು, ನಗರಸಭೆಯನ್ನು ಬೈದರು. ಡ್ರೈವರ್ ಬದುಕಿದೆನೆಂದು ಕಾರಿನೊಳಗೆ ಹೋಗಿ ಕೂತ. ಅತ್ತೆ ಬಾಯಿ ತೆರೆದದ್ದನ್ನು ನಾನು ಕಂಡೆ. ಇಡೀ ನಿಲ್ದಾಣದ ಗದ್ದಲವನ್ನು ಮೀರಿ ಕೇಳಿಸುತ್ತಿದ್ದ ಆ ದನಿ ಹೊರಡಲಿಲ್ಲ. ನಾನು ಬಗ್ಗಿ ಅಂಗಿಗಳನ್ನು ಆರಿಸಿ ಧೂಳು ಕೊಡವುತ್ತಿದ್ದೆ. ಆರಿಸಲು ಇನ್ನೇನೂ ಉಳಿಯದಿದ್ದರೂ ತಲೆ ಎತ್ತಲಿಲ್ಲ.

ಅದೇ ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದು, ಖರ್ಚೆಲ್ಲ ಅತ್ತೆಯೇ ನೋಡಿಕೊಂಡರು. "ಈ ಕಾಲದಲ್ಲಿ ಯಾರು ಮಾಡ್ತಾರೆ ಹೀಗೆ" ಎಂದು ಬೀದಿಯವರು ಹೊಗಳಿದಾಗಲೆಲ್ಲ ಅತ್ತೆ ಕನ್ನಡಕ ತೆಗೆದು ಒರೆಸತೊಡಗುವರು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಅಷ್ಟು ಶುಭ್ರವಾಗಿದ್ದ ವಸ್ತು ಇನ್ನೊಂದಿರಲಿಲ್ಲ.

ಮೂಳೆ ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಅವಳು ಈಗ ಎಡಗೈಯಲ್ಲಿ ಹಿಡಿಯುತ್ತಾಳೆ. ಬಲಗೈ ಬಟ್ಟೆ ಎಳೆದು ಹಿಡಿಯಲು ಮಾತ್ರ. ಕೆಲಸ ನಿಧಾನವಾದದ್ದರಿಂದ ಕೆಲವು ಮನೆಗಳವರು ಬೇರೆ ಕಡೆ ಕೊಡತೊಡಗಿದರು. ನಮ್ಮ ಮನೆಯಿಂದ ಮಾತ್ರ ಗಂಟು ದಿನೇದಿನೇ ದೊಡ್ಡದಾಯಿತು. ಪರದೆ, ದಿಂಬಿನ ಚೀಲ, ಪುಟ್ಟಿಯ ಜೊಲ್ಲುಬಟ್ಟೆ, ಕೊನೆಗೆ ನೆಲ ಒರೆಸುವ ಬಟ್ಟೆಯೂ ಗರಿಗರಿಯಾಗಿ ಮಡಚಿಕೊಂಡು ಬರತೊಡಗಿತು. "ನಮ್ಮನೆ ನೆಲಕ್ಕೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ" ಎಂದು ನಮ್ಮವರು ನಕ್ಕರು. ಅವರಿಗೆ ಏನೂ ಗೊತ್ತಿರಲಿಲ್ಲ. ಮನೆಯಲ್ಲಿ ಗೊತ್ತಿದ್ದವರು ನಾವಿಬ್ಬರು, ಮತ್ತೆ ಪುಟ್ಟಿ. ಅವಳು ಆಟದ ಕಾರಿನ ಬಾಗಿಲು ತೆರೆದು "ಢಬ್" ಎಂದು ಬೊಂಬೆಯನ್ನು ಬೀಳಿಸುವ ಹೊಸ ಆಟ ಕಲಿತಿದ್ದಳು. ಅತ್ತೆ ಆ ಕಾರನ್ನು ಬೀರುವಿನ ಮೇಲೆ ಬಚ್ಚಿಟ್ಟರು.

ಶಾಲೆಯ ಚಿತ್ರಕಲೆಯ ಮೇಷ್ಟ್ರು, ಚೀಲದಲ್ಲಿ ಸದಾ ಗಾಳಿ ಹೊಡೆಯುವ ಪಂಪು ಇಟ್ಟುಕೊಂಡೇ ತಿರುಗುವುದರಿಂದ ಪಂಪ್ ಮೇಷ್ಟ್ರು ಎನಿಸಿಕೊಂಡವರು, ಇದಾದ ಮೇಲೆಯೇ ಸೈಕಲ್ ದಾರಿಯ ಹೋರಾಟ ಶುರುಮಾಡಿದ್ದು. ನಮ್ಮ ರಸ್ತೆಯಿಂದ ಶಾಲೆಯ ಗೇಟಿನವರೆಗೆ ಸೈಕಲ್‌ಗಳಿಗೇ ಒಂದು ದಾರಿ ಬೇಕು. ನಗರಸಭೆ ಜಾಗ ಬಿಟ್ಟುಕೊಟ್ಟರೆ ಬಣ್ಣಕ್ಕೆ, ಫಲಕಗಳಿಗೆ ನಾವೇ ಹಣ ಕೂಡಿಸೋಣ ಎಂದರು. ಮೊದಲು ಕೈ ಎತ್ತಿದವರು ಅತ್ತೆ. ಸೈಕಲ್ಲನ್ನು ಒಮ್ಮೆಯೂ ತುಳಿಯದ ಹೆಂಗಸು ಮನೆಮನೆಯ ಬೆಲ್ ಒತ್ತುತ್ತ ಸಹಿ ಕೇಳಿದರು. ಯಾರಾದರೂ ಬಾಗಿಲು ಮುಚ್ಚಿದರೆ ಅಲ್ಲೇ ನಿಂತು ಮತ್ತೆ ಒತ್ತುವರು. ಎರಡು ಸಲದ ನಿಯಮ ಅಲ್ಲಿಗೂ ಅನ್ವಯಿಸುತ್ತಿತ್ತು.

ಒಂದು ದಿನ ಪಾತ್ರೆ ಒರೆಸುತ್ತ ನಾನೇ ಮಾತು ತೆಗೆದೆ. "ಅತ್ತೆ, ಹೇಳಿಬಿಡೋಣ."

"ಈಗ ಹೇಳಿದ್ರೆ, ಇಷ್ಟು ದಿನ ಯಾಕೆ ಸುಮ್ನಿದ್ರಿ ಅಂತಾರೆ."

"ನಾಳೆ ಹೇಳಿದ್ರೆ ಅದಕ್ಕೆ ಇನ್ನೊಂದು ದಿನ ಸೇರುತ್ತೆ."

"ಹೌದು."

"ಹಾಗಾದ್ರೆ ಇವತ್ತೇ ಹೇಳಿ."

"ಇವತ್ತು ಸಿಲಿಂಡರ್ ಬರೋದಿದೆ" ಎಂದರು. ನಮಗಿಬ್ಬರಿಗೂ ನಗು ಬಂತು. ಆಮೇಲೆ ನಕ್ಕದ್ದಕ್ಕೇ ನಾಚಿಕೆಯಾಯಿತು. ಸಿಲಿಂಡರ್ ಬಂತು, ಬಂದು ಮುಗಿದೂ ಹೋಯಿತು. ನಾವು ಹೇಳಲಿಲ್ಲ.

ಹಣ ಕೂಡಿಸಲು ಶಾಲೆಯ ಅಂಗಳದಲ್ಲಿ ಹಳೆ ಬಟ್ಟೆಗಳ ಮಾರಾಟ ಇಟ್ಟೆವು. ಮಕ್ಕಳಿಗೆ ಗಿಡ್ಡವಾದ ಬಟ್ಟೆಗಳನ್ನು ಎಲ್ಲರೂ ತಂದುಕೊಟ್ಟರು. ಅಷ್ಟಕ್ಕೂ ಇಸ್ತ್ರಿ ಹಾಕಿಕೊಟ್ಟವಳು ಇಸ್ತ್ರಿ ಅಕ್ಕ. "ದಾರಿ ನಂಗೂ ಬೇಕಲ್ಲ" ಎಂದು ಕೂಲಿ ಬೇಡವೆಂದಳು. ಅತ್ತೆಯ ಕೈಗೆ ಮೈಕು ಬಂತು. "ದಯವಿಟ್ಟು ಗಮನಿಸಿ. ಎರಡು ವರ್ಷದ ಮಗುವಿನ ಹಸಿರು ಸ್ವೆಟರ್ ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ" ಎಂದಾಗ ಅಂಗಳವೆಲ್ಲ ನಕ್ಕಿತು. ಮಧ್ಯಾಹ್ನದೊಳಗೆ ಮೇಜುಗಳು ಬರಿದಾದವು.

ಅತ್ತೆಯ ತಲೆಯ ಮೇಲೆ ಪಂಪ್ ಮೇಷ್ಟ್ರು ಬರೆದ ದೊಡ್ಡ ಬ್ಯಾನರ್ ತೂಗುತ್ತಿತ್ತು. ಒಂದು ಗುಂಡಿ, ಅದರ ಪಕ್ಕ ಬಿದ್ದ ಸೈಕಲ್, ಚೆಲ್ಲಿದ ಬಟ್ಟೆಗಳು. ಇದು ಯಾಕೆ ಶುರುವಾಯಿತು ಎಂದು ಹೊಸಬರು ಕೇಳಿದರೆ ಅತ್ತೆ "ಆ ದಿನ ಆದದ್ದು ನೋಡಿ" ಎಂದಷ್ಟೇ ಹೇಳಿ ಚಿತ್ರದ ಕಡೆ ಕೈ ತೋರಿಸುತ್ತಿದ್ದರು. ಗುಂಡಿ ಎಂಬ ಮಾತನ್ನು ಅವರು ಆಡಲೇ ಇಲ್ಲ. ಸುಳ್ಳು ಹೇಳಲಿಲ್ಲ ಎಂಬ ಸಮಾಧಾನಕ್ಕೆ ಇರಬೇಕು. ನನಗೂ ಅಂಥದೇ ಒಂದು ಸಮಾಧಾನವಿತ್ತು: ಬಾಗಿಲು ತೆಗೆದವಳು ನಾನಲ್ಲ. ಎರಡೂ ರಾತ್ರಿಯವರೆಗೆ ಬಾಳುತ್ತಿರಲಿಲ್ಲ.

ನಗರಸಭೆಯ ಇಂಜಿನಿಯರ್ ನಕ್ಷೆ ತಂದ ದಿನ ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ ಎಲ್ಲರೂ ಸೇರಿದೆವು, ಇಸ್ತ್ರಿ ಅಕ್ಕನೂ ಬಂದಿದ್ದಳು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದೆವು. ಇಂಜಿನಿಯರ್ ಒಳ್ಳೆಯವರೇ, ಕೆಲಸ ಬೇಗ ಮುಗಿಸುವ ಆಸೆ ಇದ್ದವರು.

"ಇಲ್ಲಿ ಸಾಲಾಗಿ ಕಾರುಗಳು ನಿಲ್ತಾವೆ. ಅವುಗಳ ಪಕ್ಕಕ್ಕೇ, ರಸ್ತೆ ಕಡೆ, ಬಿಳಿ ಗೆರೆ ಎಳೆದುಬಿಡ್ತೀವಿ. ಗೆರೆ ಒಳಗೆ ಸೈಕಲ್. ನೀವು ಕೂಡಿಸಿರೋದು ಸಾಕಾಗುತ್ತೆ. ಮುಂದಿನ ತಿಂಗಳು ರೆಡಿ."

ಚಪ್ಪಾಳೆ ಬಿತ್ತು. ಪಂಪ್ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. ನಾನು ನಕ್ಷೆಯನ್ನೇ ನೋಡುತ್ತಿದ್ದೆ. ಕಾರುಗಳ ಸಾಲು, ಅದಕ್ಕೆ ಅಂಟಿಕೊಂಡ ಹಾಗೆ ಸೈಕಲ್ ದಾರಿ. ಅಂದರೆ ಪ್ರತಿ ಕಾರಿನ ಬಾಗಿಲೂ ತೆರೆಯುವುದು ಅದರೊಳಕ್ಕೇ. ನಾಳೆ ನಮ್ಮ ಪುಟ್ಟಿಯೂ ಸೈಕಲ್ ಕಲಿತು ಹೋಗುವುದು ಅಲ್ಲೇ. ಅತ್ತೆಯ ಕಡೆ ನೋಡಿದೆ. ಅವರೂ ಅದನ್ನೇ ನೋಡುತ್ತಿದ್ದರು, ಕನ್ನಡಕ ಒರೆಸದೆ.

"ದಾರೀನ ಕಾರುಗಳ ಆಚೆ ಕಡೆ ಹಾಕಬಾರದಾ?" ಎಂದು ಕೇಳಿದರು. "ಗೋಡೆ ಪಕ್ಕ. ಕಾರಿಗೂ ದಾರಿಗೂ ಮಧ್ಯೆ ಒಂದು ಬಾಗಿಲಗಲ ಜಾಗ ಬಿಟ್ಟು."

"ಮಾಡಬಹುದು. ಆದ್ರೆ ಕಾರುಗಳು ಒಳಗೆ ನುಗ್ಗದ ಹಾಗೆ ಕಂಬ ನೆಡಬೇಕು, ಖರ್ಚು ಜಾಸ್ತಿ. ಮೇಲಿನವರು ಯಾಕೆ ಅಂತ ಕೇಳ್ತಾರೆ. ಬಾಗಿಲಿಂದ ಇಲ್ಲಿ ಯಾರಿಗೂ ಏನೂ ಆಗಿಲ್ಲ ನೋಡಿ. ಫೈಲಲ್ಲಿರೋದು ಒಂದೇ ಪ್ರಕರಣ, ಅದು ಗುಂಡಿ. ಅದನ್ನ ಮುಚ್ಚಿಯಾಯ್ತು."

"ಮೈಕಮ್ಮ, ಬಂದ ಬಸ್ಸು ಬಿಡಬೇಡಿ" ಎಂದು ಹಿಂದಿನಿಂದ ಯಾರೋ ಅಂದರು.

ಅತ್ತೆ ಎದ್ದು ನಿಂತರು. "ದಯವಿಟ್ಟು ಗಮನಿಸಿ" ಎಂದರು. ಅಭ್ಯಾಸಬಲ. ತಮಾಷೆ ಇರಬೇಕೆಂದು ಕೆಲವರು ನಕ್ಕರು.

"ಫೈಲಲ್ಲಿರೋದು ತಪ್ಪು. ಈಕೆ ಗುಂಡಿಗೆ ಬಿದ್ದದ್ದಲ್ಲ. ನಾನು ಹಿಂದೆ ನೋಡದೆ ಕಾರಿನ ಬಾಗಿಲು ತೆಗೆದೆ. ಅದು ಬಡಿದು ಬಿದ್ದಳು."

ಅತ್ತೆ ಒಂದು ಉಸಿರು ಬಿಟ್ಟು, ಅದೇ ಮಾತುಗಳನ್ನು, ಒಂದೂ ಕಡಿಮೆ ಮಾಡದೆ, ಒಂದೂ ಸೇರಿಸದೆ, ಮತ್ತೆ ಹೇಳಿದರು. ಮೊದಲನೆಯದಕ್ಕಿಂತ ಎರಡನೆಯದನ್ನು ಕೇಳುವುದು ಕಷ್ಟವಾಗಿತ್ತು. ನಾನೂ ಎದ್ದು "ನಾನೂ ಅದೇ ಕಾರಲ್ಲಿದ್ದೆ" ಎಂದೆ. ನನ್ನದು ಒಂದೇ ಸಲ, ಅದೂ ಮೆಲ್ಲಗೆ.

ಎಲ್ಲರೂ ಇಸ್ತ್ರಿ ಅಕ್ಕನ ಕಡೆ ತಿರುಗಿದರು. ಅವಳು ಕಿಟಕಿಯ ಪಕ್ಕ ಕೂತಿದ್ದಳು.

"ಬಾಗಿಲು ಅಂತ ನಂಗೆ ಗೊತ್ತಿಲ್ವಾ? ಬಡಿದದ್ದು ನಂಗೇ ಅಲ್ವಾ?" ಎಂದಳು. "ಬೀಳೋವಾಗ ಬಾಗಿಲ ಸಂದಿಯಲ್ಲಿ ಮಗು ಮುಖ ಕಾಣಿಸ್ತು. ಮಗು ತೆಗೆದಿರಬೇಕು ಅಂದ್ಕೊಂಡೆ. ಮಗು ಹೆಸರು ಯಾಕೆ ಬರಬೇಕು, ದೊಡ್ಡೋಳಾದ ಮೇಲೂ ಜನ ಆಡ್ಕೋತಾರೆ ಅಂತ ಗುಂಡಿ ಅಂದೆ." ಅತ್ತೆಯನ್ನು ನೋಡಿದಳು. "ನೀವಾ ಅಮ್ಮ?"

"ನಾನೇ."

ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ನಮ್ಮ ಮಗಳ ಹೆಸರಿಗೆ ಮಸಿ ಹತ್ತಬಾರದೆಂದು ಇವಳು ಇಷ್ಟು ದಿನ ಗುಟ್ಟು ಕಾದಿದ್ದಳು. ನಾವು ಅವಳಿಗೆ ನೆಲ ಒರೆಸುವ ಬಟ್ಟೆ ಕಳಿಸುತ್ತಿದ್ದೆವು.

ಇಂಜಿನಿಯರ್ ನಕ್ಷೆ ಸುತ್ತಿಟ್ಟು, ಇದನ್ನು ಬರೆದುಕೊಟ್ಟರೆ ಬೇರೆ ನಕ್ಷೆ ಕಳಿಸಲು ಆಗುತ್ತದೆ ಎಂದರು. ಅತ್ತೆ ಅಲ್ಲೇ ಬರೆದುಕೊಟ್ಟರು, ಕೆಳಗೆ ನಾನೂ ಸಹಿ ಹಾಕಿದೆ. ಕಂಬಗಳಿಗಾಗಿ ಮತ್ತೆ ಹಣ ಕೂಡಿಸಬೇಕಾಯಿತು. ಈ ಸಲ ಬಾಗಿಲುಗಳು ಅಷ್ಟು ಸಲೀಸಾಗಿ ತೆರೆಯಲಿಲ್ಲ. "ಒಳ್ಳೇ ಕೆಲಸ ಮಾಡ್ತಿದ್ರಿ ಅಂದ್ಕೊಂಡಿದ್ವಿ" ಎಂದು ಒಬ್ಬರು ಮುಖದ ಮೇಲೇ ಅಂದರು. ಅತ್ತೆ "ಹೌದು" ಎಂದು ರಸೀದಿ ಪುಸ್ತಕ ಮುಂದೆ ಹಿಡಿದರು. ಪಂಪ್ ಮೇಷ್ಟ್ರು ಬ್ಯಾನರಿನ ಗುಂಡಿಯ ಮೇಲೆ ಬಿಳಿ ಬಣ್ಣ ಬಳಿದು, ಅಲ್ಲೊಂದು ತೆರೆದ ಕಾರಿನ ಬಾಗಿಲು ಬರೆದರು. ನಮ್ಮವರು ಆ ವಾರವೆಲ್ಲ ಯಾರನ್ನೂ ರೇಗಿಸಲಿಲ್ಲ.

ಮುಂದಿನ ಗಂಟನ್ನು ಇಸ್ತ್ರಿ ಅಕ್ಕ ತಂದಾಗ ನೆಲ ಒರೆಸುವ ಬಟ್ಟೆಗಳು ಕೊಟ್ಟ ಹಾಗೇ ಮುದುರಿಕೊಂಡು ಮೇಲೆ ಕೂತಿದ್ದವು.

"ಇವಕ್ಕೆ ಹಾಕಿಲ್ಲ" ಎಂದಳು.

"ಪರವಾಗಿಲ್ಲಮ್ಮ, ನಿಧಾನವಾಗಿ..." ಎಂದರು ಅತ್ತೆ.

"ನಿಧಾನವಾಗೂ ಇಲ್ಲ. ಒಂದೊಂದು ಬಟ್ಟೆ ಎಳೆದು ಹಿಡಿಯೋವಾಗಲೂ ಈ ಕೈ ನೋಯುತ್ತೆ. ಇಷ್ಟು ದಿನ ನೆಲ ಒರೆಸೋ ಬಟ್ಟೆಗೂ ನೋಯಿಸ್ಕೊಂಡೆ, ನಿಮಗೆ ಬೇಕೇನೋ ಅಂತ."

ಅತ್ತೆ ಆ ಬಟ್ಟೆಗಳನ್ನು ಎತ್ತಿ ಒಳಗಿಟ್ಟರು. ಗಂಟು ದೊಡ್ಡದಾದಷ್ಟೂ ನಮ್ಮ ಭಾರ ಇಳಿಯುತ್ತದೆ ಎಂದುಕೊಂಡಿದ್ದೆವು. ಆ ಭಾರವನ್ನು ಅದೇ ಕೈಯ ಮೇಲೆ ಹೊರಿಸುತ್ತಿದ್ದೇವೆ ಎಂಬುದು ಇಬ್ಬರ ತಲೆಗೂ ಹೊಳೆದಿರಲಿಲ್ಲ.

ಈಗ ಕಂಬಗಳು ಬಂದಿವೆ. ಗೋಡೆಗೂ ಕಾರುಗಳಿಗೂ ನಡುವೆ ಸೈಕಲ್ ದಾರಿ ಇದೆ, ಬಾಗಿಲಗಲದ ಖಾಲಿ ಜಾಗವೂ ಇದೆ. ಮಕ್ಕಳು ಗಂಟೆ ಬಾರಿಸಿಕೊಂಡು ಹೋಗುತ್ತಾರೆ. ಆಟದ ಕಾರನ್ನು ಬೀರುವಿನ ಮೇಲಿಂದ ಇಳಿಸಿ ಪುಟ್ಟಿಗೆ ಕೊಟ್ಟಿದ್ದೇವೆ.

ಅತ್ತೆ ಮಧ್ಯಾಹ್ನಗಳನ್ನು ಇಸ್ತ್ರಿ ಶೆಡ್ಡಿನಲ್ಲಿ ಕಳೆಯುತ್ತಾರೆ. ಕೇಳಿ ಹೋದದ್ದಲ್ಲ, ಒಂದು ದಿನ ಹೋಗಿ ಮೇಜಿನ ಆ ತುದಿಯಲ್ಲಿ ನಿಂತು ಬಟ್ಟೆಯನ್ನು ಎಳೆದು ಹಿಡಿದರು. ಇಸ್ತ್ರಿ ಅಕ್ಕ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮೊದಲಿನ ಹಾಗೆ ಅಮ್ಮ ಎಂದು ಕರೆಯುವುದಿಲ್ಲ. ಮೊನ್ನೆ ಪುಟ್ಟಿಯನ್ನು ಎತ್ತಿಕೊಂಡು ಆ ಕಡೆ ಹೋಗಿದ್ದಾಗ ಅವರಿಬ್ಬರ ಮಾತು ಕಿವಿಗೆ ಬಿತ್ತು.

"ಕಾಲರ್ ಬಿಗಿಯಾಗಿ ಹಿಡೀರಿ."

"ಆಂ?"

"ನಾನು ಒಂದೇ ಸಲ ಹೇಳೋದು."

ಅತ್ತೆ ಕಾಲರನ್ನು ಬಿಗಿಯಾಗಿ ಹಿಡಿದರು. ಪುಟ್ಟಿ ಕೈ ಚಾಚಿದಳು. ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮಗುವಿನ ಕೆನ್ನೆಯನ್ನು ಡೊಂಕು ಕೈಯಿಂದಲೇ ಒಮ್ಮೆ ಸವರಿದಳು. ನನ್ನ ಕಡೆ ನೋಡಲಿಲ್ಲ. ಮುಂದಿನ ಅಂಗಿಗೆ ಕೈ ಹಾಕಿದಳು.